ಇಬ್ಬರು ಆಂಡ್ರ್ಯೂಗಳು, ಇಬ್ಬರು ಜೆಫರ್ಸನ್ ಡೇವಿಸ್‌ಗಳು

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಆಂಡ್ರ್ಯೂ ಜಾಕ್ಸನ್ ಮತ್ತು ಆಂಡ್ರ್ಯೂ ಜಾನ್ಸನ್ ಸಂಬಂಧಿಕರೇ? ಮಹಾಭಿಯೋಗವನ್ನು, ಅಂದರೆ ಪದಚ್ಯುತಿಯ ವಿಚಾರಣೆಯನ್ನು, ಎದುರಿಸಿದವರು ಯಾರು?

ಉತ್ತರ: ಇವರಿಬ್ಬರು ಸಂಬಂಧಿಕರಲ್ಲ. ಮಹಾಭಿಯೋಗವನ್ನು ಎದುರಿಸಿದವರು ಜಾನ್ಸನ್. ಆದರೆ ನಿಮ್ಮ ಗೊಂದಲ ಸಹಜವಾದದ್ದೇ. ಇಬ್ಬರೂ ಬಡತನದಲ್ಲಿ ಹುಟ್ಟಿ, ತಂದೆಯಿಲ್ಲದೆ ಬೆಳೆದು, ಟೆನೆಸ್ಸೀ ರಾಜ್ಯದ ರಾಜಕಾರಣದಿಂದ ಮೇಲೆ ಬಂದವರು. ಇಬ್ಬರೂ ಡೆಮಾಕ್ರಟಿಕ್ ಪಕ್ಷದವರು. ಜಾಕ್ಸನ್ 1815ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರನ್ನು ಸೋಲಿಸಿ ಹೆಸರು ಮಾಡಿದ ಸೇನಾನಿ. 1829ರಿಂದ 1837ರವರೆಗೆ ಅಧ್ಯಕ್ಷರಾಗಿದ್ದ ಅವರು, ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಸಾಗಹಾಕಲು ದಾರಿ ಮಾಡಿಕೊಟ್ಟ 1830ರ ಕಾಯ್ದೆಗೆ ಸಹಿ ಹಾಕಿದವರು.

ಜಾನ್ಸನ್ ಶಾಲೆಯ ಮುಖವನ್ನೇ ಕಾಣದ ದರ್ಜಿ. 1865ರ ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾದಾಗ ಉಪಾಧ್ಯಕ್ಷರಾಗಿದ್ದುದರಿಂದ ಅಧ್ಯಕ್ಷ ಪದವಿ ಅವರ ಪಾಲಿಗೆ ಬಂತು. ಗುಲಾಮಗಿರಿಯಿಂದ ಬಿಡುಗಡೆಯಾದವರ ಹಕ್ಕುಗಳ ವಿಷಯದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನೊಡನೆ ಜಗಳಕ್ಕಿಳಿದ ಅವರು, ಕಾಯ್ದೆಯ ನಿರ್ಬಂಧವನ್ನು ಲೆಕ್ಕಿಸದೆ ಯುದ್ಧಮಂತ್ರಿ ಸ್ಟಾಂಟನ್‌ರನ್ನು ವಜಾ ಮಾಡಿದ್ದೇ 1868ರ ಮಹಾಭಿಯೋಗಕ್ಕೆ ನೆಪವಾಯಿತು. ಕಾಂಗ್ರೆಸ್‌ನ ಮೇಲ್ಮನೆಯಾದ ಸೆನೆಟ್‌ನಲ್ಲಿ 35 ಮಂದಿ ಅವರನ್ನು ತಪ್ಪಿತಸ್ಥರೆಂದರು, 19 ಮಂದಿ ಅಲ್ಲವೆಂದರು. ಮೂರನೇ ಎರಡರಷ್ಟು ಬಹುಮತಕ್ಕೆ ಒಂದೇ ಒಂದು ಮತ ಕಡಿಮೆಯಾಗಿ ಅವರು ಪಾರಾದರು. ವಿಚಿತ್ರವೆಂದರೆ 1875ರಲ್ಲಿ ಅದೇ ಸೆನೆಟ್‌ಗೆ ಅವರು ಸದಸ್ಯರಾಗಿ ಮರಳಿದರು.

ಪ್ರಶ್ನೆ: ಜಾನ್ ಆಡಮ್ಸ್ ಮತ್ತು ಜಾನ್ ಕ್ವಿನ್ಸಿ ಆಡಮ್ಸ್ ಒಬ್ಬರೇ?

ಉತ್ತರ: ಅಲ್ಲ, ತಂದೆ ಮತ್ತು ಮಗ. ತಂದೆ ಎರಡನೆಯ ಅಧ್ಯಕ್ಷರು, ಮಗ ಆರನೆಯವರು. 1828ರ ಚುನಾವಣೆಯಲ್ಲಿ ಮಗನನ್ನು ಸೋಲಿಸಿದವರು ಮೇಲೆ ಹೇಳಿದ ಜಾಕ್ಸನ್ ಅವರೇ.

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿದ್ದವನು ಜೆಫರ್ಸನ್ ಡೇವಿಸ್. ಒಂದು ಪುಸ್ತಕದಲ್ಲಿ ಅದೇ ಹೆಸರು ಉತ್ತರದ ಸೇನಾಧಿಕಾರಿಗಳ ನಡುವೆಯೂ ಇದೆ. ಇದು ಮುದ್ರಣದೋಷವೇ?

ಉತ್ತರ: ದೋಷವಲ್ಲ. ಕೆಂಟಕಿಯಲ್ಲಿ 1808ರಲ್ಲಿ ಹುಟ್ಟಿದವನು ದಕ್ಷಿಣದ ಅಧ್ಯಕ್ಷ. ಇಂಡಿಯಾನಾದಲ್ಲಿ 1828ರಲ್ಲಿ ಹುಟ್ಟಿದ ಜೆಫರ್ಸನ್ ಸಿ. ಡೇವಿಸ್ ಉತ್ತರದ ಜನರಲ್. 1861ರ ಏಪ್ರಿಲ್‌ನಲ್ಲಿ ದಕ್ಷಿಣದ ಫಿರಂಗಿಗಳು ಸಮ್ಟರ್ ಕೋಟೆಯ ಮೇಲೆ ಗುಂಡಿನ ಮಳೆಗರೆದು ಯುದ್ಧ ಆರಂಭಿಸಿದಾಗ, ಕೋಟೆಯೊಳಗಿದ್ದ ಅಧಿಕಾರಿಗಳಲ್ಲಿ ಈತನೂ ಒಬ್ಬ. ಅಂದರೆ ಒಬ್ಬ ಜೆಫರ್ಸನ್ ಡೇವಿಸ್‌ನ ಸರ್ಕಾರ ಇನ್ನೊಬ್ಬ ಜೆಫರ್ಸನ್ ಡೇವಿಸ್ ಇದ್ದ ಕೋಟೆಯ ಮೇಲೆ ಗುಂಡು ಹಾರಿಸಿತ್ತು.

ಈ ಎರಡನೆಯವನ ಕಥೆಯೇ ನನಗೆ ಹೆಚ್ಚು ಕುತೂಹಲಕರವೆನಿಸುತ್ತದೆ. 1862ರ ಸೆಪ್ಟೆಂಬರ್‌ನಲ್ಲಿ ಲೂಯಿವಿಲ್‌ನ ಗಾಲ್ಟ್ ಹೌಸ್ ಹೋಟೆಲಿನಲ್ಲಿ ಈತ ತನ್ನನ್ನು ಅವಮಾನಿಸಿದ್ದ ಮೇಲಧಿಕಾರಿ ಜನರಲ್ ವಿಲಿಯಂ ನೆಲ್ಸನ್‌ನನ್ನು ತಡೆದು ಕ್ಷಮೆಯಾಚಿಸಬೇಕೆಂದ. ಮಾತು ಬೆಳೆದು, ಈತ ಕಾಗದದ ಚೀಟಿಯೊಂದನ್ನು ಮುದ್ದೆ ಮಾಡಿ ನೆಲ್ಸನ್‌ನ ಮುಖಕ್ಕೆ ಎಸೆದ. ನೆಲ್ಸನ್ ಈತನ ಕೆನ್ನೆಗೆ ಬಾರಿಸಿದ. ಕೂಡಲೇ ಈತ ಅಲ್ಲಿದ್ದವರಿಂದ ಪಿಸ್ತೂಲು ಇಸಿದುಕೊಂಡು ನೆಲ್ಸನ್‌ನನ್ನು ಗುಂಡಿಕ್ಕಿ ಕೊಂದ. ಯುದ್ಧ ನಡೆಯುತ್ತಿದ್ದು ಅನುಭವಿ ಅಧಿಕಾರಿಗಳ ಕೊರತೆಯಿದ್ದುದರಿಂದ ಈತನಿಗೆ ಶಿಕ್ಷೆಯೇ ಆಗಲಿಲ್ಲ. 1867ರಲ್ಲಿ, ಜಾನ್ಸನ್ ಅಧ್ಯಕ್ಷರಾಗಿದ್ದಾಗಲೇ, ಅಮೆರಿಕ ಅಲಾಸ್ಕಾವನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಿತು. ಅಲ್ಲಿಗೆ ಮೊದಲ ಸೇನಾಧಿಪತಿಯಾಗಿ ಹೋದವನು ಈ ಡೇವಿಸ್. ಅದೇ ವರ್ಷ ದಕ್ಷಿಣದ ಡೇವಿಸ್ ಸೆರೆವಾಸದಿಂದ ಜಾಮೀನಿನ ಮೇಲೆ ಹೊರಬಂದ.