ಎಣಿಕೆಗೆ ಸಿಗದ ಕೆಮ್ಮು

ಪತ್ರ: “ಸಂಪಾದಕರಿಗೆ ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರ್ ಹಳ್ಳಿಗಳಿಗಿಂತ ನಗರಗಳಲ್ಲಿ ಹಲವು ಪಟ್ಟು ಹೆಚ್ಚು ದಾಖಲಾಗುತ್ತಿದೆ ಎಂಬ ಕಳೆದ ಸಂಚಿಕೆಯ ಲೇಖನ ಓದಿದ ಮೇಲೆ ನನ್ನ ತೀರ್ಮಾನ ಗಟ್ಟಿಯಾಯಿತು. ಮೂವತ್ತನಾಲ್ಕು ವರ್ಷ ಬೆಂಗಳೂರಿನ ಹೊಗೆ ಕುಡಿದದ್ದು ಸಾಕು. ಈಗ ನಿವೃತ್ತನಾಗಿದ್ದೇನೆ. ಕುಣಿಗಲ್ ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪನ ಕಾಲದ ಮನೆಯನ್ನು ರಿಪೇರಿ ಮಾಡಿಸಿ, ಅಮ್ಮನ ಸೌದೆ ಒಲೆಯನ್ನು ಹಾಗೆಯೇ ಉಳಿಸಿಕೊಂಡು, ಮುದ್ದೆ ಸಾರು ಉಂಡು ಶುದ್ಧ ಗಾಳಿಯಲ್ಲಿ ಇರಬೇಕೆಂದಿದ್ದೇನೆ. ನಗರ ಬಿಡಿ, ಶ್ವಾಸಕೋಶ ಉಳಿಸಿಕೊಳ್ಳಿ ಎಂದು ತಾವು ಯುವಕರಿಗೆ ಏಕೆ ಬರೆಯಬಾರದು?” – ಓದುಗರೊಬ್ಬರು, ಬೆಂಗಳೂರು

ಮಾನ್ಯರೇ,

ಅಂಕಿಅಂಶಗಳ ಲೇಖನವೊಂದನ್ನು ಕೊನೆಯ ಸಾಲಿನವರೆಗೆ ಓದಿ, ಅದರಿಂದ ಬದುಕಿನ ತೀರ್ಮಾನವೊಂದನ್ನೇ ತೆಗೆದುಕೊಳ್ಳುವ ಓದುಗರು ಯಾವ ಸಂಪಾದಕನಿಗೂ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದಲೇ ತಮ್ಮ ಪತ್ರ ಕಂಡು ಮೊದಲು ಹಿಗ್ಗಿದೆ, ಆಮೇಲೆ ಗಾಬರಿಯಾದೆ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಹಳ್ಳಿಯ ಅಂಕಿಯನ್ನೂ ನಗರದ ಅಂಕಿಯನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿದೆವು, ಆ ಅಂಕಿಗಳು ಹುಟ್ಟುವುದು ಹೇಗೆ ಎಂಬುದನ್ನು ಬರೆಯಲಿಲ್ಲ. ತಾವು ಮನೆ ರಿಪೇರಿಗೆ ಗಾರೆಯವರನ್ನು ಕರೆಯುವ ಮೊದಲೇ ಅದನ್ನು ಬರೆಯುವುದು ನನ್ನ ಹೊಣೆ.

ನಗರದ ಗಾಳಿ ಕೆಟ್ಟಿದೆ ಎಂಬ ತಮ್ಮ ಮಾತಿಗೆ ನನ್ನ ತಕರಾರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ, ಅಂದರೆ ತಂಬಾಕಿನ ಹೊಗೆ ಇರುವ ಗುಂಪಿಗೇ, ಸೇರಿಸಿತು. ನಮ್ಮ ಮಹಾನಗರಗಳ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮುಂಚೂಣಿಯಲ್ಲಿದೆ ಎಂಬುದೂ ದಿಟ. ನಗರದ ಪರವಾಗಿ ವಕಾಲತ್ತು ವಹಿಸುವ ಆಸೆ ನನಗಿಲ್ಲ.

ಆದರೆ ರಸ್ತೆಯ ಹೊಗೆಯೇ ಅಪರಾಧಿಯೆಂದು ತೀರ್ಮಾನಿಸಿದವರಲ್ಲಿ ತಾವು ಮೊದಲಿಗರಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಲಂಡನ್ನಿನ ಆಸ್ಪತ್ರೆಗಳಲ್ಲಿ ಈ ರೋಗದ ಕಾರಣ ಹುಡುಕಲು ಹೊರಟ ಬ್ರಿಟಿಷ್ ವೈದ್ಯ ರಿಚರ್ಡ್ ಡಾಲ್ ಅವರಿಗೂ ಮೊದಮೊದಲು ಅನುಮಾನವಿದ್ದದ್ದು ಮೋಟಾರು ಗಾಡಿಗಳ ಹೊಗೆಯ ಮೇಲೆ ಮತ್ತು ರಸ್ತೆಗೆ ಹಾಕುವ ಡಾಂಬರಿನ ಮೇಲೆ. ರೋಗಿಗಳ ಉತ್ತರಗಳನ್ನು ಒಂದೊಂದಾಗಿ ಜೋಡಿಸುತ್ತ ಹೋದಂತೆ ಕಾರಣ ರಸ್ತೆಯಲ್ಲಿಲ್ಲ, ರೋಗಿಯ ಜೇಬಿನಲ್ಲಿದೆ ಎಂಬುದು ಹೊಳೆಯಿತು. ಅಧ್ಯಯನ ಮುಗಿಯುವ ಮುನ್ನವೇ ಡಾಲ್ ಸಿಗರೇಟು ಬಿಟ್ಟರು. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರೊಂದಿಗೆ ಅವರು ಆ ಫಲಿತಾಂಶವನ್ನು ಪ್ರಕಟಿಸಿದ್ದು 1950ರಲ್ಲಿ. ಕಣ್ಣಿಗೆ ಕಾಣುವ ಹೊಗೆ ಬೇರೆ, ಎದೆಗೆ ಇಳಿಯುವ ಹೊಗೆ ಬೇರೆ ಎಂದು ಅಂದಿನಿಂದ ಗೊತ್ತಿದ್ದರೂ ಬಸ್ಸಿನ ಹೊಗೆಗೆ ಮೂಗು ಮುಚ್ಚಿಕೊಳ್ಳುವ ನಾವು ಒಲೆಯ ಹೊಗೆಯ ಮುಂದೆ ನೆನಪುಗಳನ್ನು ಹರಡಿಕೊಂಡು ಕೂರುತ್ತೇವೆ.

ಈಗ ಎಣಿಕೆಯ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿದಾಗ ಮುಂಬಯಿ, ಮದ್ರಾಸುಗಳ ಜೊತೆಗೆ ಬೆಂಗಳೂರಿಗೂ ಜನಸಂಖ್ಯೆ ಆಧಾರಿತ, ಅಂದರೆ ಒಂದು ಪ್ರದೇಶದಲ್ಲಿ ವಾಸಿಸುವವರ ಕ್ಯಾನ್ಸರನ್ನೆಲ್ಲ ಲೆಕ್ಕ ಹಾಕುವ, ನೋಂದಣಿ ಕೇಂದ್ರ ದೊರಕಿತು. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಆ ಕೆಲಸ ನಡೆದುಕೊಂಡು ಬಂದಿದೆ. ದೇಶದ ಮೊದಲ ಗ್ರಾಮೀಣ ನೋಂದಣಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಆರಂಭವಾದದ್ದು 1987ರಲ್ಲಿ. ಇಷ್ಟು ವರ್ಷಗಳ ನಂತರವೂ ಇಂತಹ ನೋಂದಣಿಗಳ ವ್ಯಾಪ್ತಿಗೆ ಬರುವವರು ದೇಶದ ಜನರಲ್ಲಿ ಒಂದು ಸಣ್ಣ ಪಾಲು ಮಾತ್ರ, ಅವರಲ್ಲಿ ಹೆಚ್ಚಿನವರು ನಗರವಾಸಿಗಳು. ಕರ್ನಾಟಕದಲ್ಲಿ ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ಆದೇಶವೇನೋ ಇದೆ. ಆದರೆ ವರದಿ ಮಾಡಲು ಮೊದಲು ಯಾರಾದರೂ ರೋಗವನ್ನು ಕಂಡುಹಿಡಿಯಬೇಕಲ್ಲ?

ಹೊಟ್ಟೆಯ ಗಡ್ಡೆಯನ್ನಾದರೂ ಕೈಯಿಂದ ಮುಟ್ಟಿ ಶಂಕಿಸಬಹುದು, ಬಾಯಿಯ ಹುಣ್ಣು ಕಣ್ಣಿಗೇ ಕಾಣುತ್ತದೆ. ಶ್ವಾಸಕೋಶದ ಗಡ್ಡೆ ಹಾಗಲ್ಲ. ಅದಕ್ಕೆ ಎಕ್ಸ್‌ರೇ ಬೇಕು, ಸಿ.ಟಿ. ಸ್ಕ್ಯಾನ್ ಬೇಕು, ಸೂಜಿ ಹಾಕಿ ಚೂರು ತೆಗೆಯಬಲ್ಲ ಕೈ ಬೇಕು, ಆ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿ ಹೆಸರಿಡುವ ತಜ್ಞರು ಬೇಕು. ತಾಲ್ಲೂಕು ಕೇಂದ್ರದಲ್ಲಿ ಈ ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ. ಹಾಗಾಗಿ ಹಳ್ಳಿಯ ಕೆಮ್ಮು ಮೊದಲು ಕಷಾಯಕ್ಕೆ, ಆಮೇಲೆ ಸಿರಪ್ಪಿಗೆ, ಎಕ್ಸ್‌ರೇಯಲ್ಲಿ ನೆರಳು ಕಂಡರೆ ಕ್ಷಯದ ಮಾತ್ರೆಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರು ಮೊದಲ ಕೆಲವು ತಿಂಗಳು ಟಿಬಿ ಔಷಧಿ ನುಂಗಿಯೇ ದೊಡ್ಡಾಸ್ಪತ್ರೆಗೆ ಬರುತ್ತಾರೆ ಎಂಬುದು ಎದೆರೋಗ ತಜ್ಞರೆಲ್ಲರೂ ಬಲ್ಲ ಸಂಗತಿ. ಅಲ್ಲಿಯವರೆಗೂ ಬಾರದವರ ಗತಿಯೇನು?

ನನ್ನ ಅಜ್ಜಿಯ ವಿಷಯ ಹೇಳುತ್ತೇನೆ. ಚನ್ನರಾಯಪಟ್ಟಣದ ಕಡೆಯ ಊರು ಅವರದು. ಬೀಡಿ ಮುಟ್ಟಿದವರಲ್ಲ, ಎಲೆಯಡಿಕೆಯ ಜೊತೆ ಹೊಗೆಸೊಪ್ಪನ್ನೂ ಹಾಕಿದವರಲ್ಲ. ಹದಿನಾಲ್ಕನೇ ವಯಸ್ಸಿಗೆ ಆ ಮನೆಯ ಒಲೆಯ ಮುಂದೆ ಕುಳಿತವರು ಎಪ್ಪತ್ತು ದಾಟುವವರೆಗೂ ಅಲ್ಲಿಂದ ಏಳಲಿಲ್ಲ. ಮಳೆಗಾಲದಲ್ಲಿ ಹಸಿ ಸೌದೆಗೆ ಊದುಗೊಳವೆ ಹಿಡಿದು ಊದುತ್ತ ಕಣ್ಣೊರೆಸಿಕೊಳ್ಳುತ್ತಿದ್ದ ಅವರನ್ನು ಕಂಡು ನಾವು ಮಕ್ಕಳು ನಗುತ್ತಿದ್ದೆವು. ಕೊನೆಯ ವರ್ಷ ಕೆಮ್ಮಿದಾಗ ರಕ್ತ ಬಂತು, ಮೈ ಇಳಿದುಹೋಯಿತು. ಮನೆಯವರು ಗೂರಲು ಎಂದರು, ಪಟ್ಟಣದ ವೈದ್ಯರು ಕ್ಷಯ ಎಂದರು. ಮಾತ್ರೆ ಮುಗಿಯುವ ಮುಂಚೆ ಅವರೇ ಮುಗಿದರು. ಮರಣದ ದಾಖಲೆಯಲ್ಲಿ “ವಯೋಸಹಜ” ಎಂದು ಬರೆಸಿದ್ದಾಯಿತು. ಅದು ಕ್ಯಾನ್ಸರೇ ಆಗಿತ್ತೆಂದು ನಾನು ಹೇಳಲಾರೆ. ಹೇಳಬಲ್ಲವರು ಯಾರೂ ಅವರನ್ನು ನೋಡಲೇ ಇಲ್ಲ ಎಂಬುದೇ ನನ್ನ ದೂರು. ಹಳೆಯ ಕಥೆಯೆಂದು ತಳ್ಳಿಹಾಕಬೇಡಿ. 2020ರಲ್ಲಿ ಕೂಡ ಈ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದು ದೃಢೀಕರಿಸಿದವು ನೂರಕ್ಕೆ 22.5 ಮಾತ್ರ.

ಅದೇ ಅಜ್ಜಿಯ ಮಗ, ನನ್ನ ಸೋದರಮಾವ, ಊರಿನಲ್ಲಿ ದನ ಕಾಯುವ ವಯಸ್ಸಿನಲ್ಲೇ ಬೀಡಿ ಹಚ್ಚಿದವನು, ನಡುವಯಸ್ಸಿನಲ್ಲಿ ಬೆಂಗಳೂರಿನ ಬಟ್ಟೆ ಗಿರಣಿಗೆ ಬಂದ. ನಿವೃತ್ತಿಯ ಹೊತ್ತಿಗೆ ಅವನಿಗೂ ಅದೇ ಕೆಮ್ಮು. ಇಲ್ಲಿ ಸ್ಕ್ಯಾನ್ ಇತ್ತು, ಸೂಜಿಯಿತ್ತು, ರೋಗಕ್ಕೆ ಹೆಸರು ಬಂತು, ಬೆಂಗಳೂರಿನ ಲೆಕ್ಕಕ್ಕೆ ಒಂದು ಕ್ಯಾನ್ಸರ್ ಜಮೆಯಾಯಿತು. ಈ ರೋಗ ಬೆಳೆಯಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತದೆ. ಬೀಜ ಬಿದ್ದದ್ದು ಹಳ್ಳಿಯಲ್ಲಿ, ಕೊಯಿಲು ಬರೆದುಕೊಂಡದ್ದು ನಗರದಲ್ಲಿ. ಇನ್ನು ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಚಿಕಿತ್ಸೆಗಾಗಿ ಬೆಂಗಳೂರಿಗೆ ಬಂದು ಛತ್ರದಲ್ಲಿ ಉಳಿದುಕೊಳ್ಳುವ ರೋಗಿಯನ್ನು ನಗರದ ದರಕ್ಕೆ ಸೇರಿಸುವುದಿಲ್ಲ. ಕನಿಷ್ಠ ಒಂದು ವರ್ಷದ ವಾಸ ಇರಬೇಕೆಂಬುದು ನಿಯಮ, ನ್ಯಾಯವಾದ ನಿಯಮವೇ. ಆದರೆ ಅವನ ಊರಿಗೆ ನೋಂದಣಿಯೇ ಇಲ್ಲದಿದ್ದರೆ ಆಸ್ಪತ್ರೆಯ ಪುಸ್ತಕದಲ್ಲಿ ಅವನಿರುತ್ತಾನೆ, ಯಾವ ಊರಿನ ದರದಲ್ಲಿಯೂ ಇರುವುದಿಲ್ಲ. ಹಳ್ಳಿ ಮತ್ತು ನಗರಗಳ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ದರವನ್ನೇ ನಾವು ಅಚ್ಚು ಹಾಕಿದ್ದೆವು ಎಂಬುದು ದಿಟ, ಆದರೆ ಪತ್ತೆಯೇ ಆಗದ ರೋಗವನ್ನು ಯಾವ ಗಣಿತವೂ ಸರಿದೂಗಿಸುವುದಿಲ್ಲ.

ಬಾರ್ಶಿಯ ಮಾತು ಬರುತ್ತದೆಂದು ಬಲ್ಲೆ. ಅಲ್ಲಿಯ ಸಿಬ್ಬಂದಿ ಊರೂರು ಅಲೆದು, ಜನರೊಡನೆ ಮಾತನಾಡಿ ರೋಗಿಗಳನ್ನು ಹುಡುಕಿದವರು. ಹಾಗಿದ್ದರೂ ಶ್ವಾಸಕೋಶದ ಕ್ಯಾನ್ಸರ್ ಅಲ್ಲಿ ತೀರ ಕಡಿಮೆಯೇ ಕಂಡಿತು. ಇದನ್ನು ಒಪ್ಪಲೇಬೇಕು. ಆದರೆ ಅದೇ ನೋಂದಣಿಯಲ್ಲಿ ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್ ಎದ್ದು ಕಂಡಿತು. ಶುದ್ಧ ಗಾಳಿಯ ಊರೆಂದು ರೋಗ ಯಾರಿಗೂ ರಿಯಾಯಿತಿ ಕೊಟ್ಟಿರಲಿಲ್ಲ. ಇನ್ನು ಕೇರಳದ ಕರುನಾಗಪಳ್ಳಿಗೆ ಬನ್ನಿ. ಥೋರಿಯಂ ಇರುವ ಕರಾವಳಿಯ ಮರಳಿನಿಂದಾಗಿ ಅಲ್ಲಿ ಸಹಜ ವಿಕಿರಣ ಹೆಚ್ಚು. ಅದರಿಂದ ಕ್ಯಾನ್ಸರ್ ಹೆಚ್ಚುತ್ತದೆಯೇ ಎಂದು ತಿಳಿಯಲು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 1990ರಲ್ಲಿ ನೋಂದಣಿ ಆರಂಭಿಸಿ ಮನೆಮನೆಯ ವಿವರ ಬರೆದುಕೊಂಡಿತು. ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ ಪುರಾವೆ ಸಿಗಲಿಲ್ಲ, ಬೀಡಿಯಿಂದ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ ಪುರಾವೆ ಸಿಕ್ಕಿತು. ತೆಂಗಿನ ತೋಟ, ಹಿನ್ನೀರು, ಸಮುದ್ರದ ಗಾಳಿ ಎಲ್ಲವೂ ಇರುವ ಊರದು.

ಮಿಜೋರಾಮಿನ ಐಜಾಲ್ ಇನ್ನೂ ಕಣ್ಣು ತೆರೆಸುತ್ತದೆ. ಬೆಟ್ಟದ ಮೇಲಿನ ಆ ಪಟ್ಟಣದಲ್ಲಿ ಹೇಳಿಕೊಳ್ಳುವಂಥ ಕಾರ್ಖಾನೆಗಳಿಲ್ಲ. ಆದರೂ 2012ರಿಂದ 2016ರವರೆಗಿನ ರಾಷ್ಟ್ರೀಯ ವರದಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನ ದರ ದೇಶದಲ್ಲೇ ಅತಿ ಹೆಚ್ಚು ಕಂಡದ್ದು ದೆಹಲಿಯಲ್ಲಲ್ಲ, ಐಜಾಲ್ ಜಿಲ್ಲೆಯಲ್ಲಿ: ಲಕ್ಷಕ್ಕೆ ಸುಮಾರು 38, ಗಂಡಸರಲ್ಲೂ ಅಷ್ಟೇ, ಹೆಂಗಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಿಜೋರಾಮಿನ ವಯಸ್ಕರಲ್ಲಿ ನೂರಕ್ಕೆ 58.7 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆಂದು 2016–17ರ ಸಮೀಕ್ಷೆ ಹೇಳಿತು. ಅದೇ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ತಂಬಾಕು ಬಳಸುವವರು ನೂರಕ್ಕೆ 32.5, ನಗರಗಳಲ್ಲಿ 21.2.

ಒಲೆಯ ಹತ್ತಿರ ಬರುವ ಮುನ್ನ ಚೀನಾದ ಯುನ್ನಾನ್ ಪ್ರಾಂತ್ಯದ ಶ್ವಾನ್‌ವೇಯ್ ಎಂಬ ಗ್ರಾಮೀಣ ಸೀಮೆಯನ್ನು ತಮಗೆ ತೋರಿಸಬೇಕು. ಅಲ್ಲಿಯ ಹೆಂಗಸರು ಧೂಮಪಾನ ಮಾಡುವವರೇ ಅಲ್ಲ. ಆದರೂ 1970ರ ದಶಕದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಹೆಂಗಸರ ಪ್ರಮಾಣ ಚೀನಾದಲ್ಲೇ ಅತಿ ಹೆಚ್ಚಿದ್ದ ಪ್ರದೇಶಗಳಲ್ಲಿ ಅದೂ ಒಂದು. ಮನೆಯೊಳಗಿನ ಕುಣಿಯಲ್ಲಿ, ಹೊಗೆ ಹೊರಹೋಗುವ ದಾರಿಯಿಲ್ಲದೆ, ದಟ್ಟ ಹೊಗೆಯ ಕಲ್ಲಿದ್ದಲನ್ನು ಉರಿಸಿ ಅವರು ಅಡುಗೆ ಮಾಡುತ್ತಿದ್ದರು. ಆಮೇಲೆ ಚಿಮಣಿ ಇರುವ ಒಲೆಗಳು ಬಂದವು. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ರೈತರ ಜೀವನವನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಮಣಿ ಹಾಕಿಸಿಕೊಂಡ ಮನೆಗಳಲ್ಲಿ ರೋಗದ ಅಪಾಯ ಗಂಡಸರಿಗೆ ನೂರಕ್ಕೆ 41ರಷ್ಟೂ ಹೆಂಗಸರಿಗೆ 46ರಷ್ಟೂ ಇಳಿದದ್ದು ಕಂಡಿತು. ಕಲ್ಲಿದ್ದಲಿನ ಹೊಗೆ ಬೇರೆ, ಸೌದೆಯ ಹೊಗೆ ಬೇರೆ ಎಂದು ತಾವು ಆಕ್ಷೇಪಿಸಬಹುದು. ಸರಿ. ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ನಿಶ್ಚಿತ ಕ್ಯಾನ್ಸರ್‌ಕಾರಕವೆಂದು ಹೇಳಿದ ವಿಜ್ಞಾನಿಗಳು ಸೌದೆಯ ಹೊಗೆಯನ್ನು ಸಂಭವನೀಯ ಕಾರಕವೆಂದಷ್ಟೇ ಕರೆದಿದ್ದಾರೆ. ಆ ಒಂದು ಪದದ ಅಂತರವನ್ನು ನಂಬಿ ನಾನಂತೂ ಯಾರನ್ನೂ ಒಲೆಯ ಮುಂದೆ ಕೂರಿಸಲಾರೆ.

ವಿಪರ್ಯಾಸವೆಂದರೆ, ಚಿಮಣಿಯ ಪಾಠ ಕಲಿಯಲು ತಾವು ಯುನ್ನಾನಿಗೆ ಹೋಗಬೇಕಾಗಿಲ್ಲ. ತಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಕೇಂದ್ರ ಮಾಡಿಕೊಂಡಿತ್ತು. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ಆ ತಂಡ ಹಳ್ಳಿಯಲ್ಲಿ ಸೌದೆ ಎಷ್ಟು ಉರಿಯುತ್ತದೆ, ಅದನ್ನು ಹೊರುವವರು ಯಾರು ಎಂದು ತೂಕ ಹಾಕಿ ಲೆಕ್ಕವಿಟ್ಟಿತು. ಮೂರು ಪಾತ್ರೆ ಕೂರುವ, ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಿಂದ ಚಾವಣಿಯಾಚೆ ಕಳುಹಿಸುವ ಅಸ್ತ್ರ ಒಲೆ ಅಲ್ಲಿಂದಲೇ ನಾಡಿಗೆ ಹರಡಿದ್ದು. ಮಸಿ ಕಟ್ಟಿದ ಕೊಳವೆಯನ್ನು ಒರೆಸುವವರಿಲ್ಲದೆ, ಒಡೆದ ಮಣ್ಣನ್ನು ಮೆತ್ತುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಅದು ಮೂಲೆಗೆ ಸರಿಯಿತು. ಈಗ ಗ್ಯಾಸ್ ಬಂದಿದೆಯಲ್ಲ ಎನ್ನುತ್ತೀರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸ್ವಚ್ಛ ಇಂಧನದಲ್ಲಿ ಅಡುಗೆ ಮಾಡುವ ಗ್ರಾಮೀಣ ಮನೆಗಳು ನೂರಕ್ಕೆ ಸುಮಾರು 43. ಗ್ಯಾಸ್ ಇರುವ ಮನೆಯಲ್ಲೂ ಬಚ್ಚಲ ಒಲೆ ಉರಿಯುತ್ತಲೇ ಇರುತ್ತದೆ. ಹಂಡೆ ನೀರು ಕಾಯಿಸಲು ಸಿಲಿಂಡರ್ ಖರ್ಚು ಮಾಡುವ ಗೃಹಿಣಿಯನ್ನು ನಾನು ನಮ್ಮ ಸೀಮೆಯಲ್ಲಿ ಕಂಡಿಲ್ಲ. ನಿಪ್ಪಾಣಿಯ ಕಡೆ ಬೀಡಿಯ ತಂಬಾಕು ಬೆಳೆಯುತ್ತದೆ, ಹುಣಸೂರು ಪಿರಿಯಾಪಟ್ಟಣಗಳಲ್ಲಿ ಸಿಗರೇಟಿನ ಹೊಗೆಸೊಪ್ಪನ್ನು ಹದಗೊಳಿಸಲು ಸೌದೆಯ ಬ್ಯಾರನ್‌ಗಳು, ಅಂದರೆ ಎಲೆ ಒಣಗಿಸುವ ಗೂಡುಗಳು, ರಾತ್ರಿಯಿಡೀ ಉರಿಯುತ್ತವೆ. ನಗರದ ಶ್ವಾಸಕೋಶಕ್ಕೆ ಹೋಗುವ ಹೊಗೆಯನ್ನು ಸರಬರಾಜು ಮಾಡುವುದೂ ನಮ್ಮ ಶುದ್ಧ ಹಳ್ಳಿಗಳೇ.

ನನ್ನ ಸಿಟ್ಟು ತಮ್ಮ ಮೇಲಲ್ಲ. ಬೆಂಗಳೂರಿನಲ್ಲಿ ಕುಳಿತು ಹಳ್ಳಿಯನ್ನು ಮದ್ದಿನಂತೆ ಮಾರುವವರ ಮೇಲೆ. ತೋಟದ ಮನೆಯ ಜಾಹೀರಾತಿನಲ್ಲಿ ಒಲೆಯ ಚಿತ್ರವಿರುತ್ತದೆ, ಹೊಗೆಯಿರುವುದಿಲ್ಲ. ಹಳ್ಳಿಗೆ ಸ್ಕ್ಯಾನ್ ಯಂತ್ರ ಬೇಕೆಂದು ಕೇಳಿದರೆ ಅಲ್ಲಿ ರೋಗವೆಲ್ಲಿದೆ ಎಂದು ಇದೇ ಕಡಿಮೆ ಅಂಕಿಯನ್ನು ಮುಂದಿಡುವ ಅಧಿಕಾರಿಗಳನ್ನೂ ನಾನು ಕಂಡಿದ್ದೇನೆ. ಯಂತ್ರವಿಲ್ಲದ್ದರಿಂದ ಅಂಕಿ ಇಲ್ಲ, ಅಂಕಿ ಇಲ್ಲದ್ದರಿಂದ ಯಂತ್ರವಿಲ್ಲ. ಕಡಿಮೆ ಅಂಕಿ ಅಚ್ಚು ಹಾಕಿದ ನಾವೂ ಆ ವಾದಕ್ಕೆ ಒಂದು ಕೈ ಸೇರಿಸಿದಂತಾಯಿತು.

ಊರಿಗೆ ಹೋಗಿ, ಖಂಡಿತ ಹೋಗಿ. ಹೋದ ಮೇಲೆ ಮೂರು ವಾರ ದಾಟಿದ ಕೆಮ್ಮನ್ನು ಊರ ಹವೆಗೆ ಬಿಡದೆ ಎಕ್ಸ್‌ರೇ ಮಾಡಿಸಿಕೊಳ್ಳಿ, ಟಿಬಿ ಔಷಧಿ ಕೊಟ್ಟರೆ ಕಫದ ಪರೀಕ್ಷೆಯಾಯಿತೇ ಎಂದು ಕೇಳಿ. ರಿಪೇರಿಯ ಕೆಲಸದಲ್ಲಿ ಅಡುಗೆಮನೆಯ ಚಿಮಣಿ ಎಲ್ಲಿ ಬರುತ್ತದೆ, ಬಚ್ಚಲ ಒಲೆಯ ಹೊಗೆ ಎತ್ತ ಹೋಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಇನ್ನೊಂದು ಮಾತು. ತಮ್ಮ ಪತ್ರದಲ್ಲಿ ಅಮ್ಮನ ಒಲೆ ಇದೆ, ಮುದ್ದೆ ಇದೆ, ಸಾರು ಇದೆ. ಆ ಒಲೆಯ ಮುಂದೆ ಕುಳಿತು ದಿನಾ ಮುದ್ದೆ ತೊಳಸುವವರು ಯಾರೆಂಬುದು ಎಲ್ಲಿಯೂ ಇಲ್ಲ. ಅವರ ಅಭಿಪ್ರಾಯ ಕೇಳಿದ್ದೀರಾ? ಅವರೇ ಒಂದು ಪತ್ರ ಬರೆದರೆ ಮುಂದಿನ ಸಂಚಿಕೆಯಲ್ಲಿ ತಮ್ಮದಕ್ಕಿಂತ ದೊಡ್ಡ ಅಕ್ಷರದಲ್ಲಿ ಪ್ರಕಟಿಸುತ್ತೇನೆ.

– ಸಂಪಾದಕ