ಮಝಲ್‌ಲೋಡರ್ ರೈಫಲ್‌ಗೆ ಕೋನಿಕಲ್ ಗುಂಡು ಆರಿಸುವುದು ಹೇಗೆ? ಅದನ್ನೇ ಊರಿನ ಕೇಪಿನ ಕೋವಿಗೆ ಹಾಕಬಹುದಾ?

ನೀವು ಕೇಳಿರುವುದು ಎರಡು ವಿಷಯ. ಅಮೆರಿಕದಲ್ಲಿ ತಗೊಂಡ .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಸುಮಾರು ಅರ್ಧ ಇಂಚು) ಮಝಲ್‌ಲೋಡರ್‌ಗೆ, ಅಂದರೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ರೈಫಲ್‌ಗೆ, ಒಂದು ಕಂಪನಿಯ ಕೋನಿಕಲ್ (ಮೂತಿ ಇರುವ ಉದ್ದದ) ಗುಂಡು ಸುಮ್ನೆ ಜಾರಿ ಇಳಿಯುತ್ತದೆ, ಇನ್ನೊಂದಕ್ಕೆ ಸುತ್ತಿಗೆ ಬೇಕು, ಇದರಲ್ಲಿ ಯಾವುದು ಸರಿ ಅಂತ. ಮತ್ತೆ, ಯಲ್ಲಾಪುರದ ಮನೆಯಲ್ಲಿರುವ ಕೇಪಿನ ಕೋವಿಗೂ (ಬಾಯಿಂದ ತುಂಬಿ, ಸಿಡಿಯುವ ಚಿಕ್ಕ ಕೇಪಿನಿಂದ ಮದ್ದು ಹೊತ್ತಿಸುವ ಹಳೇ ಬಗೆಯದು) ಅದನ್ನೇ ಹಾಕಬಹುದಾ ಅಂತ.

ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಬೇಡ, ಖಂಡಿತ ಬೇಡ. ನಾನು ಕೆಲವು ವರ್ಷ ಅಮೆರಿಕದಲ್ಲಿದ್ದು ರೇಂಜಿನಲ್ಲಿ ಇಂಥ ರೈಫಲ್ ಹೊಡೆದವನು, ಈಗ ಶಿರಸಿ ಹತ್ತಿರ ತೋಟದಲ್ಲಿದ್ದೇನೆ. ಎರಡೂ ಬಗೆಯ ನಳಿಗೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮಂಗ, ಹಂದಿ ಕಾಟಕ್ಕೆ ಅಂತ ನಮ್ಮ ಕಡೆ ಬೆಳೆ ರಕ್ಷಣೆ ಲೈಸೆನ್ಸ್ ಮೇಲೆ ಇಟ್ಟುಕೊಂಡ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ಬರೀ ನುಣುಪು. ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು ಟಾರ್ಚ್ ಬಿಟ್ಟು ನೋಡಿದರೆ, ರೈಫಲ್‌ನಲ್ಲಿ ಗುಂಡನ್ನು ತಿರುಗಿಸಲು ಕೊರೆದಿರುವಂಥ ಸುರುಳಿ ಗೆರೆ ಕಾಣುವುದಿಲ್ಲ. ಕೋನಿಕಲ್ ಗುಂಡು ಉದ್ದ. ಬುಗುರಿ ಹಾಗೆ ತಿರುಗಿದರೆ ಮಾತ್ರ ಮೂತಿ ಮುಂದೆ ಮಾಡಿಕೊಂಡು ಹೋಗುತ್ತದೆ. ಗೆರೆ ಇಲ್ಲದ ನಳಿಗೆಯಿಂದ ಹೊರಟರೆ ಗಾಳಿಯಲ್ಲೇ ಮಗುಚಿಕೊಳ್ಳುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಅದಕ್ಕಿಂತ ಹೆಚ್ಚಿನ ಭಯ ತೂಕದ್ದು. .50 ರೈಫಲ್‌ನ ಉರುಟು ಗುಂಡು ಸುಮಾರು 11.5 ಗ್ರಾಂ. ಅದೇ ಅಳತೆಯ ಕೋನಿಕಲ್ 24 ಗ್ರಾಂ ಆಸುಪಾಸು ಬರುತ್ತದೆ. ಅಷ್ಟೇ ಮದ್ದಿಗೆ ಇಷ್ಟು ಭಾರ ಹೇರಿದರೆ ನಳಿಗೆಯೊಳಗಿನ ಒತ್ತಡ ಏರುತ್ತದೆ. ಅಜ್ಜನ ಕಾಲದ ಕೋವಿ, ಪ್ರತಿ ಎಲೆಕ್ಷನ್‌ಗೂ ಸ್ಟೇಷನ್ನಿಗೆ ಹೋಗಿ ವಾರಗಟ್ಟಲೆ ಎಣ್ಣೆ ಕಾಣದೆ ಕೂತದ್ದು, ನಮ್ಮ ಮಳೆಗಾಲ ಬೇರೆ. ಒಳಗೆ ತುಕ್ಕು ಎಷ್ಟು ತಿಂದಿದೆಯೋ! ದಯವಿಟ್ಟು ಆ ಪ್ರಯೋಗ ಬೇಡ. ಲಗೇಜಿನಲ್ಲಿ ಒಂದೇ ಒಂದು ಗುಂಡನ್ನೂ ಊರಿಗೆ ತರಬೇಡಿ, ಏರ್‌ಪೋರ್ಟಿನಲ್ಲಿ ಸಿಕ್ಕಿದರೆ ಆಯುಧ ಕಾಯ್ದೆಯ ಕೇಸು.

ಇನ್ನು ನಿಮ್ಮ ರೈಫಲ್. ಪೂರ್ತಿ ಬೋರಿನ ಕೋನಿಕಲ್ ಅಂದರೆ ಸುತ್ತ ಬಟ್ಟೆಯೂ ಇಲ್ಲ, ಗುಂಡನ್ನು ಹಿಡಿದಿಡುವ ಪ್ಲಾಸ್ಟಿಕ್ ತೊಟ್ಟಿಲೂ ಇಲ್ಲ. ಸೀಸವೇ ನೇರವಾಗಿ ನಳಿಗೆಯ ಗೆರೆಗೆ ಕಚ್ಚಬೇಕು. ಹಾಗಾಗಿ ಡಬ್ಬಿ ಮೇಲಿನ ".50" ನಂಬಿ ಪ್ರಯೋಜನ ಇಲ್ಲ. ಅದು ಹೆಸರು ಅಷ್ಟೇ. ಒಂದು ಕಂಪನಿಯ ನಳಿಗೆಗೂ ಇನ್ನೊಂದರದ್ದಕ್ಕೂ ಇಂಚಿನ ಸಾವಿರದಲ್ಲಿ ಕೆಲವು ಪಾಲು ವ್ಯತ್ಯಾಸ ಇರುತ್ತದೆ, ಗುಂಡಿಗೂ ಹಾಗೇ. ನಿಮಗಾಗಿರುವುದು ಅದೇ.

ಬೆರಳಿಗೆ ಗೊತ್ತಾಗುವ ಪರೀಕ್ಷೆ ಒಂದಿದೆ. ಮದ್ದು, ಕೇಪು ಏನೂ ಇಲ್ಲದ, ಒರೆಸಿದ ನಳಿಗೆಯ ಬಾಯಿಗೆ ಗುಂಡಿನ ಬುಡ ಇಡಿ. ಗುಂಡಿನ ಸುತ್ತ ಇರುವ ಉಬ್ಬು ಪಟ್ಟಿಗಳಲ್ಲಿ ಬುಡದ ಪಟ್ಟಿ ಹೆಬ್ಬೆರಳ ಒತ್ತಿಗೆ ಒಳಗೆ ಹೋಗಬೇಕು, ಮೇಲಿನ ಪಟ್ಟಿ ಬಾಯಲ್ಲಿ ತಡೆದು ನಿಲ್ಲಬೇಕು. ಅಲ್ಲಿಂದ ಸ್ಟಾರ್ಟರ್‌ನಿಂದ (ಗುಂಡನ್ನು ಬಾಯೊಳಗೆ ದೂಡುವ ಹಿಡಿ ಇರುವ ಗಿಡ್ಡ ಕೋಲು) ಒಂದು ಗಟ್ಟಿ ಒತ್ತು, ಆಮೇಲೆ ಗಜದಿಂದ (ತಳದವರೆಗೆ ದೂಡುವ ಉದ್ದದ ಕೋಲು) ಒಂದೇ ಸಮನೆ ಇಳಿಯಬೇಕು. ನಿಮ್ಮದು ಹಿಂದಿನ ಪ್ಲಗ್ ಬಿಚ್ಚುವ ಇನ್‌ಲೈನ್ ರೈಫಲ್ (ಕೇಪು ನಳಿಗೆಯ ನೇರ ಹಿಂದೆ ಕೂರುವ ಹೊಸ ಬಗೆಯದು) ಆದರೆ ಇನ್ನೂ ಒಳ್ಳೆಯದು: ಪ್ಲಗ್ ತೆಗೆದು ಗುಂಡನ್ನು ಈ ತುದಿಯಿಂದ ಆ ತುದಿಗೆ ದೂಡಿ ಹೊರಗೆ ಬೀಳಿಸಿ, ಬೆಳಕಿಗೆ ಹಿಡಿದು ನೋಡಿ. ಪಟ್ಟಿಯ ಸುತ್ತ ಹೊಳೆಯುವ ಕಚ್ಚುಗಳು ಸಮನಾಗಿ ಬಿದ್ದಿರಬೇಕು. ಒಂದೇ ಬದಿಗೆ ಬಿದ್ದಿದ್ದರೆ ಗುಂಡು ಓರೆಯಾಗಿ ಹೊಕ್ಕಿದೆ. ಕಚ್ಚೇ ಇಲ್ಲದಿದ್ದರೆ ಸಡಿಲ. ಸುತ್ತಿಗೆ ಬೇಕಾದದ್ದು ಒಂದೋ ದಪ್ಪ ಜಾಸ್ತಿ, ಇಲ್ಲವೇ ಸೀಸ ಗಡಸು. ಶುದ್ಧ ಸೀಸಕ್ಕೆ ಉಗುರಿನಲ್ಲಿ ಗೀರಿದರೆ ಗುರುತು ಬೀಳುತ್ತದೆ, ಗಡಸು ಮಾಡಲು ಆಂಟಿಮನಿ ಬೆರೆಸಿದ್ದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೆದು ಸೀಸದ್ದನ್ನೇ ತಗೊಳ್ಳಿ.

ಬುಡದಲ್ಲಿ ಟೊಳ್ಳಿರುವ ಗುಂಡಿಗೆ ಮಾತ್ರ ಸ್ವಲ್ಪ ರಿಯಾಯಿತಿ. 1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ತಂದ ಉಪಾಯ ಅದು: ಸಲೀಸಾಗಿ ಒಳಗೆ ಹೋಗುತ್ತದೆ, ಮದ್ದು ಹೊತ್ತಿದಾಗ ಬುಡ ಅರಳಿ ಗೆರೆಗೆ ಕಚ್ಚುತ್ತದೆ. ಇಂಗ್ಲಿಷರ 1853ರ ಎನ್‌ಫೀಲ್ಡ್ ರೈಫಲ್ಲಿನ ಗುಂಡೂ ಹೀಗೇ ಅರಳುವಂಥದ್ದು. ನಮ್ಮ 1857ರ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾ ಅದರದ್ದೇ. ಆ ಜಿಡ್ಡು ಸುಮ್ನೆ ಹಚ್ಚಿದ್ದಲ್ಲ. ಕರಿಮದ್ದಿನ ಮಸಿ ನಳಿಗೆಯಲ್ಲಿ ಗಟ್ಟಿ ಕಟ್ಟುತ್ತದೆ, ಅದನ್ನು ಮೆದುವಾಗಿಡಲು ಜಿಡ್ಡು ಬೇಕೇ ಬೇಕು. ನಿಮ್ಮ ಗುಂಡಿನ ಪಟ್ಟಿಗಳ ನಡುವಿನ ಕಾಲುವೆ ಇರುವುದೂ ಅದಕ್ಕೇ. ಒರೆಸಿದ ನಳಿಗೆಗೆ ಸರಿಹೋದ ಗುಂಡು ಎರಡು ಈಡು ಆದ ಮೇಲೆ ಅರ್ಧದಲ್ಲಿ ಸಿಕ್ಕಿಕೊಳ್ಳಬಹುದು. ಈಡಿನ ನಡುವೆ ಒದ್ದೆ ಬಟ್ಟೆ ಹಾಕಿ ಒರೆಸಿ.

ಗುಂಡು ತಗೊಳ್ಳುವ ಮೊದಲು ನಳಿಗೆಯ ಟ್ವಿಸ್ಟ್ ನೋಡಿ, ಅಂದರೆ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಮುಗಿಸುತ್ತದೆ ಅಂತ. 28 ಇಂಚಿಗೆ ಒಂದು ಸುತ್ತು ಇದ್ದರೆ ಉದ್ದದ ಕೋನಿಕಲ್‌ಗೆ ಹೇಳಿ ಮಾಡಿಸಿದ್ದು. 48 ಆದರೆ ಗಿಡ್ಡ ಕೋನಿಕಲ್ ನಡೆಯುತ್ತದೆ. 60, 66 ಆದರೆ ಅದು ಉರುಟು ಗುಂಡಿನ ರೈಫಲ್, ಕೋನಿಕಲ್ ಆಸೆ ಬಿಟ್ಟುಬಿಡಿ.

ಜಾರಿ ಇಳಿಯುವ ಗುಂಡು ಹಾಕಲು ಸುಖ ಅನಿಸುತ್ತದೆ, ಅಲ್ವಾ? ಅದೇ ಜಾಸ್ತಿ ಅಪಾಯ. ಬಾಯಿ ಕೆಳಗೆ ಮಾಡಿ ನಡೆದರೆ ಗುಂಡು ಮದ್ದು ಬಿಟ್ಟು ಮುಂದೆ ಸರಿಯುತ್ತದೆ. ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಅದಕ್ಕೆ ಗಜದ ಮೇಲೆ ಎರಡು ಗುರುತು ಹಾಕಿಕೊಳ್ಳಿ, ನಳಿಗೆ ಖಾಲಿ ಇದ್ದಾಗ ಒಂದು, ತುಂಬಿ ಸರಿಯಾಗಿ ಕೂರಿಸಿದಾಗ ಇನ್ನೊಂದು. ಕೇಪು ಇಡುವ ಮೊದಲು ಪ್ರತಿ ಸಲ ಗಜ ಇಳಿಸಿ ನೋಡಿ. ಎರಡನೇ ಗುರುತು ಬಾಯಿಗಿಂತ ಮೇಲೆ ನಿಂತರೆ ಮತ್ತೆ ಒತ್ತಿ ಕೂರಿಸಿಯೇ ಹೊಡೆಯಿರಿ. ಪದೇ ಪದೇ ಸರಿಯುತ್ತಿದ್ದರೆ ಆ ಡಬ್ಬಿ ಪಕ್ಕಕ್ಕಿಡಿ, ಒಂದೆರಡು ಸಾವಿರಾಂಶ ದಪ್ಪದ್ದು ತರಿಸಿ. ಮದ್ದಿನ ಅಳತೆಗೆ ರೈಫಲ್ ಜೊತೆ ಬಂದ ಪುಸ್ತಕ ಬಿಟ್ಟು ಬೇರೆ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ.