ರಾಮಾನುಜನ್‌ಗೆ ಸೂತ್ರ ಕೊಟ್ಟಿದ್ದು ದೇವಿ ಅಂದ ಮೇಲೆ ಅದು ಗಣಿತ ಹೇಗಾಗುತ್ತದೆ?

ಆಗುತ್ತದೆ, ಏನೂ ತೊಂದರೆ ಇಲ್ಲ. ಒಂದು ವಿಚಾರ ಎಲ್ಲಿಂದ ಬಂತು ಅನ್ನುವುದು ಬೇರೆ, ಅದು ಸರಿಯೋ ತಪ್ಪೋ ಅಂತ ನೋಡುವುದು ಬೇರೆ. ಗಣಿತಕ್ಕಾಗಲಿ ವಿಜ್ಞಾನಕ್ಕಾಗಲಿ ಲೆಕ್ಕಕ್ಕೆ ಬರುವುದು ಎರಡನೆಯದು.

ನಾಮಕ್ಕಲ್‌ನ ನಾಮಗಿರಿ ದೇವಿ ಕನಸಿನಲ್ಲಿ ಸೂತ್ರಗಳನ್ನು ತೋರಿಸುತ್ತಾಳೆ ಎಂದು ರಾಮಾನುಜನ್ ಹೇಳುತ್ತಿದ್ದರಂತೆ. ಸುಮ್ನೆ ಹೇಳಿದ್ದಲ್ಲ, ನಿಜವಾಗಿ ನಂಬಿದ್ದರು ಅಂತಲೇ ನನಗನಿಸುತ್ತದೆ. ಆದರೆ 1913ರಲ್ಲಿ ಅವರ ಪತ್ರ ಕೇಂಬ್ರಿಡ್ಜ್‌ಗೆ ತಲುಪಿದಾಗ, ಪಕ್ಕಾ ನಾಸ್ತಿಕರಾಗಿದ್ದ ಅಲ್ಲಿನ ಗಣಿತಜ್ಞ ಹಾರ್ಡಿ ನೋಡಿದ್ದು ಸೂತ್ರಗಳನ್ನು ಮಾತ್ರ. ಬಹಳಷ್ಟು ಸರಿ ಇದ್ದವು, ಕೆಲವು ಮೊದಲೇ ಗೊತ್ತಿದ್ದವು, ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಬಗ್ಗೆ ಬರೆದಿದ್ದು ತಪ್ಪಾಗಿತ್ತು. ಗಮನಿಸಿ, ಬರೆದವರಿಗೆ ಎಲ್ಲದರ ಮೇಲೂ ಭರವಸೆ ಇತ್ತು. ಸರಿಯಾದ ಹೊಳಹು, ತಪ್ಪು ಹೊಳಹು ಎರಡೂ ಒಳಗಿನಿಂದ ಒಂದೇ ಥರ ಖಚಿತವಾಗಿ ಕಾಣುತ್ತವೆ, ಅದಕ್ಕೇ ಬೇರೆಯವರೂ ಹೆಜ್ಜೆ ಹೆಜ್ಜೆಯಾಗಿ ನೋಡಬಹುದಾದ ಪುರಾವೆ ಬೇಕು.

ಹಾಗಂತ ಕನಸು ಬಿದ್ದವರಿಗೆಲ್ಲ ಸೂತ್ರ ಸಿಗುವುದಿಲ್ಲ. ಈ ಮನುಷ್ಯ ವರ್ಷಗಟ್ಟಲೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಮತ್ತೆ ಮಾಡಿ, ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿದವರು. ಅಷ್ಟು ಸಂಖ್ಯೆಗಳನ್ನು ತುಂಬಿಕೊಂಡ ತಲೆ ನಿದ್ದೆಯಲ್ಲೂ ಕೆಲಸ ಮಾಡಿದರೆ ಆಶ್ಚರ್ಯವೇನಿಲ್ಲ, ಅಲ್ವಾ?

ಅವರು ಬರೆದಿದ್ದರಲ್ಲಿ ಕೆಲವು ಅರ್ಥವಾಗುವುದಕ್ಕೇ ಎಷ್ಟು ಕಾಲ ಹಿಡಿಯಿತು ನೋಡಿ. 1920ರಲ್ಲಿ ಸಾಯುವ ಕೆಲವೇ ತಿಂಗಳ ಮೊದಲು ಹಾರ್ಡಿಗೆ ಬರೆದ ಮಾಕ್ ಥೀಟಾ ಫಂಕ್ಷನ್‌ಗಳು (ಒಂದು ವಿಚಿತ್ರ ಬಗೆಯ ಅನಂತ ಸರಣಿಗಳು) ನಿಜಕ್ಕೂ ಏನು ಅನ್ನುವುದು ಸ್ಪಷ್ಟವಾಗಿದ್ದು 2002ರಲ್ಲಿ, ಡಚ್ ಗಣಿತಜ್ಞ ಸ್ವೆಗರ್ಸ್ ಅವರಿಂದ.